ಪಾದ ಒಡೆದ ಎಚ್

“ಶಾಂತಮ್ಮನವ್ರೇ, ತಾರಾನಾಥಣ್ಣ ಇನ್ನು ನಮ್ಮ ಹೋಟೆಲಿಗೆ ಕಾಲಿಡುದಿಲ್ವಂತೆ. ಮಾಲೀಕ ಯಾರಂತ ತೀರ್ಮಾನ ಮಾಡ್ಲಿಕ್ಕೆ ಹನ್ನೊಂದಕ್ಕೆ ಸಭೆ ಉಂಟು. ಎಂತಾದ್ರೂ ಮಾಡಿ!”

ಲೋಲಾಕ್ಷಿ ಏದುಸಿರು ಬಿಡುತ್ತ ಡೊಂಬಿವಲಿಯ ಮೂರನೇ ಮಹಡಿಯ ಶಾಂತಮ್ಮನ ಮನೆಗೆ ಬಂದು ಹೀಗೆಂದಾಗ ಸ್ಪಂದನಾ ಬಾಗಿಲ ಮರೆಗೆ ಸರಿದಳು. ಪತ್ತೇದಾರಿಕೆಯಲ್ಲಿ ದೊಡ್ಡಮ್ಮ ಶಾಂತಮ್ಮನ ಬಲಗೈ ತಾನೆಂದು ಬೀಗುತ್ತಿದ್ದ ಅವಳೇ ಈ ರಗಳೆ ಹಚ್ಚಿದ್ದಳು.

ಲೋಲಾಕ್ಷಿಯ ದಿವಂಗತ ಗಂಡ ಗುಣಪಾಲ ತೆರೆದಿದ್ದ ‘ಉದಯ ಲಂಚ್ ಹೋಮ್’ಗೆ ಐವತ್ತು ವರ್ಷ ತುಂಬಿತ್ತು. ಅಷ್ಟರಲ್ಲಿ ಅವನ ಅಣ್ಣನ ಮಗ ಶೈಲೇಶ್ ಹಳದಿಗಟ್ಟಿದ ಪೋಸ್ಟರೊಂದನ್ನು ತಂದ. ಹೋಟೆಲಿನ ಮೊದಲ ದಿನದ್ದಂತೆ. ಮೇಲೆ ಇಂಗ್ಲಿಷಿನಲ್ಲಿ ಹೋಟೆಲಿನ ಹೆಸರು, ಕೆಳಗೆ ಕನ್ನಡದಲ್ಲಿ ಮಾಲೀಕನ ಹೆಸರು: ಗುಣಪಾಲ ಅಲ್ಲ, ಶೈಲೇಶನ ತಂದೆ ಚೆನ್ನಯ! ಅಂದಿನ ಪೋಸ್ಟರು ಅಚ್ಚು ಹಾಕಿದ್ದ ತಾರಾನಾಥ, ತಾನು ಜೋಡಿಸಿದ್ದು ಗುಣಪಾಲನ ಹೆಸರನ್ನೇ ಎಂದ.

ಸ್ಪಂದನಾ ಅವನ ವಿಠ್ಠಲವಾಡಿಯ ಪ್ರೆಸ್ಸಿಗೆ ಓಡಿದಳು. ಹಿಂದೆ ಹೋಟೆಲ್ ಬೋರ್ಡು, ನಾಟಕದ ಪೋಸ್ಟರುಗಳಲ್ಲಿ ಮೆರೆದ ದಪ್ಪ ಇಂಗ್ಲಿಷ್ ಅಕ್ಷರಗಳು ಅಲ್ಲಿದ್ದವು: ಮರದವು, ಅಗಲ ಪಾದದವು. ಇದ್ದ ಎರಡು ಎಚ್‌ಗಳಲ್ಲಿ ಒಂದರ ಪಾದ ಒಡೆದಿತ್ತು. ಪೋಸ್ಟರಿನ ‘ಲಂಚ್’ನಲ್ಲೂ ಅದೇ ಗಾಯ. “ಇಲ್ಲೇ ಅಚ್ಚಾದದ್ದು, ಮುದುಕ ಸುಳ್ಳು ಹೇಳ್ತಿದಾನೆ,” ಎಂದು ಅವಳು ಊರಿಗೆಲ್ಲ ಸಾರಿಬಿಟ್ಟಳು.

“ಲಂಚ್‌ನ ಎಚ್ ನೋಡಿದೆ, ಸರಿ,” ಎಂದರು ಶಾಂತಮ್ಮ. “ಹೋಮ್‌ನದ್ದು ನೋಡಿದ್ಯೇನೇ?”

“ಇಲ್ಲ,” ಎಂದಳು ಸ್ಪಂದನಾ.

ಹನ್ನೊಂದಕ್ಕೆ ಎಲ್ಲರೂ ಹೋಟೆಲಿನಲ್ಲಿ ಸೇರಿದರು. ಶಾಂತಮ್ಮನೇ ಕರೆಸಿದ್ದರಿಂದ ಬಂದಿದ್ದ ತಾರಾನಾಥ ಒಳಗೆ ಕಾಲಿಡದೆ ಹೊಸ್ತಿಲಾಚೆ ನಿಂತಿದ್ದ. ಸ್ಪಂದನಾಳಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಈ ಪೋಸ್ಟರಲ್ಲಿ ಎರಡೂ ಎಚ್ ಒಡೆದಿವೆ, ಒಂದೇ ಥರ,” ಎಂದರು ಶಾಂತಮ್ಮ. “ಮರದಚ್ಚಲ್ಲಿ ಎರಡು ಎಚ್‌ಗೆ ಎರಡು ತುಂಡು ಬೇಕು. ಒಡೆದಿರೋದು ಒಂದೇ. ತಾರಾನಾಥರೇ, ಈಚೆಗೆ ಯಾರಿಗಾದ್ರೂ ಈ ಅಕ್ಷರಗಳ ಮಾದರಿ ಕೊಟ್ಟಿದ್ರಾ?”

“ಶೈಲೇಶನಿಗೆ. ಒಂದೊಂದು ಅಕ್ಷರವನ್ನೂ ಒಂದೊಂದೇ ಸಲ ಕಾಗದದ ಮೇಲೆ ಒತ್ತಿ ಕೊಟ್ಟದ್ದು, ಎಚ್‌ಗೆ ಕೈಗೆ ಸಿಕ್ಕಿದ್ದು ಒಡೆದದ್ದು. ಮೆನು ಕಾರ್ಡಿಗೆ ಅಂದ.”

“ಅದನ್ನ ಕಂಪ್ಯೂಟರಿಗೆ ಹಾಕಿದ್ರೆ, ಅದೇ ಕುಂಟು ಎಚ್ ಎಲ್ಲ ಕಡೆ ಬಂದು ಕೂರುತ್ತೆ.” ಶಾಂತಮ್ಮ ಶೈಲೇಶನ ಘೋಡಬಂದರ್ ರಸ್ತೆಯ ಹೊಸ ಹೋಟೆಲಿನ ಮೆನು ಕಾರ್ಡನ್ನು ಬಿಡಿಸಿದರು. “ಇಲ್ಲಿ ಹದಿನೇಳು ಎಚ್ ಇವೆ. ಹದಿನೇಳೂ ಕುಂಟು! ಪೋಸ್ಟರು ಹುಟ್ಟಿದ್ದೂ ಅದೇ ಕಂಪ್ಯೂಟರಲ್ಲೇ.”

ಶೈಲೇಶನ ಮುಖ ಇಳಿಯಿತು. “ಪಪ್ಪನೂ ಇಲ್ಲಿ ಹತ್ತು ವರ್ಷ ಅಡುಗೆ ಭಟ್ಟಿ ಮುಂದೆ ಬೆವರು ಸುರಿಸಿದ್ರು, ಚಿಕ್ಕಮ್ಮ. ಉನ್‌ಕಾ ನಾಮ್ ಕಹಾಂ ಹೈ? ಅವರ ಹೆಸರು ಎಲ್ಲುಂಟು?”

“ಕೇಳಿದ್ರೆ ನಾನೇ ಹಾಕಿಸ್ತಿದ್ದೆ ಮಗಾ,” ಎಂದಳು ಲೋಲಾಕ್ಷಿ. ಅವಳ ಕಣ್ಣು ತುಂಬಿತ್ತು. “ಅದಕ್ಕೆ ನಿನ್ನ ಚಿಕ್ಕಪ್ಪನ ಹೆಸರು ಅಳಿಸ್ಬೇಕಿತ್ತಾ?”

ಸುವರ್ಣೋತ್ಸವದ ಪೋಸ್ಟರನ್ನು ತಾರಾನಾಥನೇ ಮಾಡಬೇಕೆಂದಾಯಿತು. ಮಾಲೀಕ ಗುಣಪಾಲ, ಕೆಳಗೆ ಅಡುಗೆಯ ಚೆನ್ನಯ.

ಮಧ್ಯಾಹ್ನ ಸ್ಪಂದನಾ ನಾಚಿಕೆ ನುಂಗಿಕೊಂಡು ಪ್ರೆಸ್ಸಿಗೆ ಹೋದಳು. “ಕ್ಷಮಿಸಿ ಮಾಮ. ತಪ್ಪಾಯ್ತು.”

ಮುದುಕ ತಲೆಯೆತ್ತಲಿಲ್ಲ. “ಲಂಚ್‌ಗೆ ಎಚ್ ಕೊಡು.”

ಅವಳು ಹುಡುಕಿ ಒಳ್ಳೆಯದನ್ನು ಚಾಚಿದಳು.

“ಅದು ಹೋಮ್‌ಗೆ. ಲಂಚ್‌ಗೆ ಒಡೆದದ್ದೇ ಇಡು. ನೀನು ಬರೇ ಅದನ್ನೇ ನೋಡುದಲ್ವಾ?” ಎಂದು ತಾರಾನಾಥ ನಕ್ಕ. ಶಾಯಿ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ ಸ್ಪಂದನಾ, ಕುಂಟು ಎಚ್ಚನ್ನು ಅದರ ಜಾಗದಲ್ಲಿ ಕೂರಿಸಿದಳು.