ಹೊಳೆಗೆ ಚೆಲ್ಲಿದ ಭಂಗಿ

ಕಲ್ಯಾಣಪ್ಪ ಗದ್ದುಗೆಯ ಮುಂದೆ ಅಂಗಾತ ಬಿದ್ದಿದ್ದ. ಪಕ್ಕದಲ್ಲಿ ಹಿತ್ತಾಳೆ ತಂಬಿಗೆ ಉರುಳಿತ್ತು. ಬೆಳಗಿನ ಪೂಜೆಗೆ ದತ್ತೂರಿ ಹೂವು ತಂದ ಹೆಂಗಸರು ಮೊದಲು ಅವನನ್ನು ಎಬ್ಬಿಸಲು ನೋಡಿದರು. ಆಮೇಲೆ ಕಿರುಚಿದರು.

ಘತ್ತರಗಿಯಿಂದಾಚೆ, ಭೀಮಾ ದಂಡೆಯಲ್ಲಿದ್ದ ಆ ಗದ್ದುಗೆ ಒಬ್ಬ ಅವಧೂತನದು. ಕಲ್ಯಾಣಪ್ಪ ಅದರ ಪೂಜಾರಿ. ಪ್ರತಿ ಸಂಜೆ ಭಂಗಿ, ಅಂದರೆ ಗಾಂಜಾ ಗಿಡದ ಎಲೆ, ಅರೆಸಿ, ಹಾಲು ಬೆಲ್ಲ ಕೂಡಿಸಿ, ಮೊದಲ ಬೊಗಸೆ ಗದ್ದುಗೆಗೆ ಎರೆದು, ಉಳಿದದ್ದನ್ನು ತಾನು ಕುಡಿದು ಮುದುಕನಾದವನು. ನಿಜಾಮರು ಅದಕ್ಕೆ ತಕರಾರು ಮಾಡಿರಲಿಲ್ಲ. ಆಮೇಲಿನ ಸರ್ಕಾರವೂ ಮಾಡಿರಲಿಲ್ಲ. ಪರವಾನಗಿ ಕೊಟ್ಟು, ದುಕಾನ ಇಡಿಸಿ, ಸುಂಕ ತೆಗೆದುಕೊಂಡಿತ್ತು. 1985ರ ಕೊನೆಗೆ ದಿಲ್ಲಿಯಲ್ಲಿ ಗಾಂಜಾ ತಡೆಯುವ ಹೊಸ ಕಾಯ್ದೆ ಬಂತು. ಹೊರದೇಶಗಳಿಗೆ ಎಂದೋ ಕೊಟ್ಟ ಮಾತಂತೆ. ಮಾತು ಕೊಟ್ಟವರಿಗೆ ಈ ಗದ್ದುಗೆಯ ವಿಳಾಸ ಗೊತ್ತಿರಲಿಲ್ಲ.

ಸಬ್‌ಇನ್ಸ್‌ಪೆಕ್ಟರ್ ಜಹೀರುದ್ದೀನ ಹೆಣದ ಬಳಿ ಕೂತ. ಕಣ್ಣು ತೆರೆದೇ ಇದ್ದವು. ಪಾಪೆ ಎಷ್ಟು ಹಿಗ್ಗಿದ್ದವೆಂದರೆ ಕಣ್ಣಿನ ಬಣ್ಣವೇ ಕಾಣುತ್ತಿರಲಿಲ್ಲ. ತುಟಿ ಒಣಗಿ ಬಿರಿದಿದ್ದವು. ಧೋತರದ ಅಂಚನ್ನು ಬೆರಳುಗಳು ಎಳೆ ಎಳೆಯಾಗಿ ಬಿಡಿಸಿದ್ದವು.

"ಗಾಂಜಾ ಸಾವು ಸಾಹೇಬ್ರ," ಎಂದ ಹೆಡ್ ಕಾನ್‌ಸ್ಟೇಬಲ್ ಚಂದಪ್ಪ. "ಬರಕೊಳ್ಳೋಣೇನ್ರಿ?"

"ಭಂಗಿ ಕುಡದು ಸತ್ತವರನ್ನ ಎಂದರ ನೋಡಿಯೇನು?"

"ಇಲ್ರಿ. ಆದ್ರ ಮೊದಲ ಕಾಯ್ದೆ ಇದ್ದಿದ್ದಿಲ್ರಿ."

ಕಂಬಕ್ಕೆ ಒರಗಿ ಕೂತಿದ್ದ ಮಗಳು ಸುಮಿತ್ರಾಬಾಯಿ ಕೇಳಿದ್ದಕ್ಕೆಲ್ಲ ಉತ್ತರಿಸಿದಳು. "ಸಂಜಿಗಿ ಪಾನಕ ಕುಡದ್ರು. ಭಾಳ ದಿನದ ಮ್ಯಾಲ ಖುಷಿ ಇದ್ರು. ನಾ ಮನಿಗೆ ಹೋದೆ."

ಅಷ್ಟರಲ್ಲಿ ಕರಿ ನಾಯಿಯೊಂದು ಬಂದು ಕಂಬಕ್ಕೆ ಹಾಯ್ದುಕೊಂಡಿತು. ತಿರುಗಿ ನಿಂತು ಬರಿಗೋಡೆಗೆ ಬೊಗಳಿತು.

"ಇದಕ್ಕೇನಾಗೇದ?"

"ಗೊತ್ತಿಲ್ರಿ. ಮರಿ ಇದ್ದಾಗಿಂದ ಅಪ್ಪನ ತಂಬಿಗಿ ನೆಕ್ಕಿ ಮಲಗೂದು ಅದರ ರೂಢಿ. ನಿನ್ನಿ ಮಲಗೇ ಇಲ್ಲ."

* * *

ಮಧ್ಯಾಹ್ನಕ್ಕೆ ಡಾಕ್ಟರು ಹೆಣ ನೋಡಿ 'ನಶೆಯಿಂದ ಸಾವು' ಎಂದರು. ಮೇಲಿನವರ ಫೋನು ಬಂತು. ಹೊಸ ಕಾಯ್ದೆಗೆ ಒಂದು ಒಳ್ಳೆಯ ಸಾವು ಬೇಕಾಗಿತ್ತು; ಸಿಕ್ಕಿತ್ತು. ಇನ್ನು ಗಾಂಜಾ ಕೊಟ್ಟವನೊಬ್ಬ ಬೇಕು.

ಚೌಡಾಪುರದ ಹಾದಿಯಲ್ಲಿ ಜೀಪು ಓಡುವಾಗ ಚಂದಪ್ಪ ಬಾಯಿ ಬಿಟ್ಟ. ಹೋದ ತಿಂಗಳು ಇವರೇ ಗದ್ದುಗೆಯ ಹಿಂದಿನ ಭಂಗಿ ಗಿಡ ಕಿತ್ತು ಸುಟ್ಟಿದ್ದರು. ಇಟ್ಟವರಿಗೆ ಜೇಲು ಎಂದು ಊರೂರಿಗೆ ಡಂಗುರ ಹೊಡೆಸಿದ್ದರು.

"ಡಂಗುರ ಕೇಳಿ ಮಂದಿ ಠಾಣೆಗೆ ಬಂದದ್ದು ನೆನಸಿದ್ರ ಇನ್ನೂ ನಗು ಬರ್ತದ ಸಾಹೇಬ್ರ. ಒಬ್ಬಂವ, ತಂಬಾಕ ನಡೀತದೇನ್ರಿ ಅಂದ. ಇನ್ನೊಬ್ಬಂವ, ತುಳಸಿಗೂ ಲೈಸನ್ಸ್ ಬೇಕೇನ್ರಿ ಅಂದ. ಒಬ್ಬಾಕಿ ಅಂತೂ ದತ್ತೂರಿಗೆ ಕೇಸ್ ಆಗ್ತದೇನ್ರಿ ಅಂದ್ಲು! ಶಿವನಿಗೆ ಏರಿಸೂದಕ್ಕೆಲ್ಲಿ ಕೇಸ್ ಬೇ, ಹೋಗು ಅಂದೆ."

ಜಹೀರುದ್ದೀನನ ಲಕ್ಷ್ಯ ಹಾದಿಯ ಮೇಲಿತ್ತು.

ಇಮಾಮಸಾಬ ಪರವಾನಗಿಯ ಗಾಂಜಾ ದುಕಾನ ಇಟ್ಟಿದ್ದವನು. ಅವನ 'ಸರ್ಕಾರಿ ಪರವಾನಗಿ' ಎಂಬ ತಗಡಿನ ಫಲಕ ಈಗ ನೀರಿನ ಹರವಿಯ ಮುಚ್ಚಳವಾಗಿತ್ತು. ಪೊಲೀಸರನ್ನು ಕಂಡು ತಾನೇ ಎದ್ದು ಚಪ್ಪಲಿ ಮೆಟ್ಟಿಕೊಂಡ.

"ಬರ್ತೀರಿ ಅಂತ ಗೊತ್ತಿತ್ರಿ. ಹ್ವಾದ ವರ್ಷ ನಾ ಸರ್ಕಾರದ ದುಕಾನದಾರ. ಈ ವರ್ಷ ಮುಜರಿಮ್, ಅಪರಾಧಿ. ಮಾಲೂ ಅದೇ, ನಾನೂ ಅವನೇ."

"ಕಲ್ಯಾಣಪ್ಪಗ ನೀವ ಕೊಟ್ರೇನು?"

"ಬಂದಿದ್ದ. ಕೈ ಮುಗದ." ಮುದುಕನ ದನಿ ತಗ್ಗಿತು. "ನನಗಿಂತ ಹಿರಿಯ ಸಾಹೇಬ್ರ, ನನಗ ಕೈ ಮುಗದ. ಇಲ್ಲ ಅಂದೆ. ಅಂಜಿಕ್ಯಾಗ ನೀರು ಸೈತ ಕೇಳಲಿಲ್ಲ ಅವನಿಗೆ. ಅದಕ್ಕರ ನನ್ನ ಒಳಗ ಹಾಕ್ರಿ."

ಒಳಗೆ ಹಾಕಿದರು. ಮೇಲಿನವರ ಹುಕುಂ.

* * *

ಇಮಾಮಸಾಬನ ಮೇಲೆ ಯಾವ ಕಲಂ ಹಾಕಬೇಕೆಂದು ನೋಡಲು ಜಹೀರುದ್ದೀನ ಕಾಯ್ದೆಯ ಪ್ರತಿ ತರಿಸಿದ. ಇಂಗ್ಲಿಷಿನಲ್ಲಿತ್ತು. ಠಾಣೆಯಲ್ಲಿ ಅದನ್ನು ಈತನಕ ಯಾರೂ ಬಿಚ್ಚಿರಲಿಲ್ಲ. ಓದುತ್ತ ಓದುತ್ತ ನಿಂತ. ಮತ್ತೊಮ್ಮೆ ಓದಿದ.

"ಚಂದಪ್ಪ, ಗಿಡ ಬೆಳೆಯೂದು ತಪ್ಪು. ಹೂವಿನ ತೆನಿ ಗಾಂಜಾ, ಅದೂ ತಪ್ಪು. ಬರೇ ಎಲಿ ಮಾತ್ರ ಇದರಾಗ ಇಲ್ಲ. ಎಲಿ ಬಿಟ್ಟಾರ."

"ಮತ್ತ ಭಂಗಿ ಅಂದ್ರ ಎಲಿನೇ ಅಲ್ರಿ?"

"ಎಲಿನೇ."

"ಸಾಹೇಬ್ರ, ಎಲಿ ಇಟ್ಟವರಿಗೂ ಜೇಲು ಅಂತ ಡಂಗುರ ಹೊಡಿಸೀವಲ್ರಿ!"

"ಹೌದು. ಓದದೇ ಹೊಡಿಸೀವಿ."

ಹೊರಗೆ ಯಾವುದೋ ನಾಯಿ ಬೊಗಳಿತು. ಜಹೀರುದ್ದೀನನ ಕೈ ಪುಟದ ಮೇಲೇ ನಿಂತಿತು. ಬರಿಗೋಡೆ. ಹಿಗ್ಗಿದ ಪಾಪೆ. ಒಣಗಿದ ತುಟಿ.

"ದತ್ತೂರಿ ಕೇಳಾಕ ಬಂದಿದ್ಲಲ್ಲ, ಯಾರಾಕಿ?"

ಚಂದಪ್ಪನ ಮುಖದ ನಗು ಇಳಿಯುತ್ತ ಇಳಿಯುತ್ತ ಹೋಯಿತು. "ಸೆರಗು ಮುಂದ ಎಳಕೊಂಡಿದ್ಲರಿ. ಮಾರಿ ಕಾಣಲಿಲ್ಲ."

* * *

ಮರುದಿನ ಗದ್ದುಗೆಯ ಅಂಗಳದಲ್ಲಿ ಸುಮಿತ್ರಾಬಾಯಿ ನಾಯಿಗೆ ಮಜ್ಜಿಗೆ ಕುಡಿಸುತ್ತಿದ್ದಳು. ಅದು ಸುಧಾರಿಸಿತ್ತು. ಜಹೀರುದ್ದೀನ ಮೊದಲು ಅರೆಯುವ ಕಲ್ಲಿನ ಹತ್ತಿರ ಹೋದ. ಹಿಂದೆ, ಬೂದಿಯ ಗುಂಡಿಯಲ್ಲಿ, ಒಡೆದ ದತ್ತೂರಿಯ ಮುಳ್ಳುಕಾಯಿಗಳ ಸಿಪ್ಪೆ ಬಿದ್ದಿತ್ತು. ಬೀಜ ಒಂದೂ ಇರಲಿಲ್ಲ.

"ಅಕ್ಕಾ, ದತ್ತೂರಿ ಕೇಳಾಕ ಠಾಣೆಗೆ ಬಂದಾಕಿ ನೀವೇನ್ರಿ?"

"ಹೌದ್ರಿ. ಕೇಸ್ ಇಲ್ಲ ಅಂದ್ರಲ್ಲ ಇವರು." ಆಕೆ ಚಂದಪ್ಪನ ಕಡೆ ಕೈ ತೋರಿಸಿದಳು; ದನಿಯಲ್ಲಿ ಅಳುಕಿರಲಿಲ್ಲ. "ಗಿಡ ಸುಟ್ಟ ಮ್ಯಾಲ ಅಪ್ಪ ಉಣಲಿಲ್ಲ, ಮಲಗಲಿಲ್ಲ. ಗದ್ದುಗಿಗೆ ಎರಿಯಾಕ ಏನೂ ಇಲ್ಲ ಅಂತ ಕೂಸಿನಂಗ ಅಳತಿದ್ರು. ಮೊದಲೂ ಶಿವರಾತ್ರಿಗೆ ಭಂಗ್ಯಾಗ ಒಂದೆರಡು ದತ್ತೂರಿ ಬೀಜ ಹಾಕೂದಿತ್ತು. ಈಗ ಭಂಗಿ ಇಲ್ಲಲ್ಲ ಅಂತ ಸ್ವಲ್ಪ ಜಾಸ್ತಿ ಹಾಕಿ ಅರದೆ."

ಜಹೀರುದ್ದೀನ ಟೋಪಿ ತೆಗೆದ.

"ಭಂಗಿ ಕುಡದವರ ಕಣ್ಣು ಕೆಂಪಾಗಿ ಮುಚ್ಚತಾವ. ನಿಮ್ಮಪ್ಪನ ಕಣ್ಣು ಹಿಗ್ಗಿದ್ದವು. ಬಾಯಿ ಒಣಗಿತ್ತು. ಭ್ರಾಂತಿ ಹಿಡಿದು ಧೋತರ ಹರಕೊಂಡಾರ. ಭಂಗಿ ನೆಕ್ಕಿ ಬೆಳದ ನಾಯಿ ನಿನ್ನಿ ಇಲ್ಲದವರಿಗೆ ಬೊಗಳತಿತ್ತು. ಇವೆಲ್ಲ ದತ್ತೂರಿ ವಿಷದ ಗುರುತು. ಇಮಾಮಸಾಬ ಏನೂ ಕೊಟ್ಟಿಲ್ಲ ಅಕ್ಕಾ. ಯಾರೂ ಏನೂ ಕೊಡಲಿಲ್ಲ ಅಂತನ ಹಿಂಗಾತು."

ಆಕೆಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ಅಂದ್ರ... ನಾನ?"

ಚಂದಪ್ಪ ಹೊಳೆಯ ಕಡೆ ನೋಡುತ್ತ ನಿಂತ.

"ಅಪ್ಪ, 'ಛಲೋ ಆಗೇದವ್ವ' ಅಂದ್ರು," ಎಂದಳು. "ಕುಡದು, ತಲಿ ಮ್ಯಾಲ ಕೈ ಇಟ್ರು."

ಇಮಾಮಸಾಬನನ್ನು ಸಂಜೆಯೊಳಗೆ ಬಿಡಬೇಕು. ಬದಲಿಗೆ ಈಕೆಯ ಹೆಸರು ಬರೆಯಬೇಕು. ಕೊಲೆ ಎಂದಲ್ಲ, ಅಜಾಗರೂಕತೆಯ ಸಾವು ಎಂದು. ಜಹೀರುದ್ದೀನ ಅದನ್ನು ಹೇಳಿದ. ಆಕೆ ತಲೆ ಆಡಿಸಿದಳು. ತಂಬಿಗೆ ಬೆಳಗಿ ಬೋರಲು ಹಾಕಿದಳು. ನಾಯಿಯನ್ನು ನೆರಳಿಗೆ ಕಟ್ಟಿದಳು. ತಾನೇ ನಡೆದು ಬಂದು ಜೀಪು ಹತ್ತಿದಳು.

ಹೊಳೆದಂಡೆ ದಾಟುವಾಗ ಕೇಳಿದಳು:

"ಸಾಹೇಬ್ರ, ಮನ್ಯಾಗ ಒಂದು ಗಡಿಗಿ ಒಣ ಭಂಗಿ ಎಲಿ ಇತ್ರಿ. ಅಪ್ಪಗ ವರ್ಷತನಕ ಸಾಕಾಗತಿತ್ತು. ಡಂಗುರ ಕೇಳಿ, ಅಂಜಿ, ಅವರಿಗೆ ಹೇಳಲಾರದೇ ಇದೇ ಹೊಳಿಗಿ ಚೆಲ್ಲಿದೆ. ಇಟ್ಕೊಂಡಿದ್ರ ಅಪ್ಪಗ ಜೇಲಾಗತಿತ್ತಲ್ರಿ?"

ಚಂದಪ್ಪ ಸಾಹೇಬರ ಮುಖ ನೋಡಿದ.

"ಆಗತಿತ್ತು ಅಕ್ಕಾ," ಎಂದ ಜಹೀರುದ್ದೀನ. "ಖರೇನ ಆಗತಿತ್ತು."