ಈಥರ್ ಬಾಟಲಿಯ ಐದು ಚೀಟಿಗಳು

"ಕೈ ಅಲ್ಲಾಡಿಸ್ಬೇಡ, ಪಿಂಪಾ."

ಅವಳು ಅಲ್ಲಾಡಿಸಲಿಲ್ಲ. ಲ್ಯಾಬಿನ ವಿದ್ಯಾರ್ಥಿನಿ, ಹೇಳಿದ್ದು ಕೇಳುವವಳು.

ಬಾಟಲಿ ಅವಳ ಎರಡೂ ಕೈಗಳ ನಡುವೆ. ಅರ್ಧ ಲೀಟರ್ ಈಥರ್. ಮುಚ್ಚಳದ ಸುತ್ತ ಬಿಳಿ ಹರಳು, ಸಕ್ಕರೆ ಚೆಲ್ಲಿದ ಹಾಗೆ. ಈಥರ್ ಹಳತಾಗಿ ಹೀಗೆ ಹರಳುಗಟ್ಟಿದರೆ ಅದು ಬಾಂಬು. ನಂಬಿ. ಮುಚ್ಚಳ ತಿರುಗಿದರೂ ಸಾಕು... ಮೇಜಿಗೆ ತಾಕಿದರೂ ಸಾಕು.

ಥಾಯ್ ಸೈನ್ಯದಲ್ಲಿ ಹನ್ನೊಂದು ವರ್ಷ ಬಾಂಬು ಬಿಚ್ಚಿದವನು ನಾನು. ಈಗ ದೇಶದ ಈಶಾನ್ಯಕ್ಕಿರುವ ಈಸಾನ್ ಕಡೆಯ ಕಾಲೇಜೊಂದರಲ್ಲಿ ಲ್ಯಾಬುಗಳ ಸುರಕ್ಷತಾ ಅಧಿಕಾರಿ. ಆರಾಮದ ಕೆಲಸ ಅಂದಿದ್ದರು.

"ದೇಚಣ್ಣ... ಆಗಲೇ ಸ್ವಲ್ಪ ತಿರುಗಿಸಿಬಿಟ್ಟೆ."

"ಎಷ್ಟು?"

"ಕಾಲು ಸುತ್ತು. ಆಜಾನ್ ಇದನ್ನೇ ತಗೋ ಅಂದ್ರು. ಹೊಸದು ಅಂದ್ರು."

ಮೂಲೆಯಲ್ಲಿದ್ದ ಮರಳಿನ ಬಕೆಟ್ಟನ್ನು ಎತ್ತಿ ತಂದು ಅವಳ ಮುಂದೆ ಇಟ್ಟೆ. ನಿಧಾನಕ್ಕೆ. ಸದ್ದಿಲ್ಲದೆ.

ಆಗಲೇ ಬಾಗಿಲು ತೆರೆದದ್ದು!

ಆಜಾನ್ ವಿರತ್, ಅಂದರೆ ವಿರತ್ ಮೇಷ್ಟ್ರು. ಲ್ಯಾಬಿನ ಮುಖ್ಯಸ್ಥ, ಪಿಂಪಾಳ ಗುರು.

ಗುರುವನ್ನು ಕಂಡರೆ ನಮ್ಮವರ ಅಂಗೈಗಳು ತಾವಾಗಿ ಕೂಡುತ್ತವೆ, ಮೂಗಿನವರೆಗೆ ಏಳುತ್ತವೆ. ಮಾತು ಕಲಿಯುವ ಮೊದಲೇ ಕಲಿತದ್ದು. ಪಿಂಪಾಳ ಕೈಗಳೂ ಎದ್ದವು... ಬಾಟಲಿ ಸಮೇತ. ಅಂಗೈಗಳು ಕೂಡಲು ಹೊರಟವು.

ಬಾಟಲಿ ಒಂದು ಇಂಚು ಜಾರಿತು.

ಅವಳ ಕೈಗಳ ಮೇಲೆ ನನ್ನ ಕೈಗಳನ್ನು ಒತ್ತಿ ಹಿಡಿದೆ.

"ಇವತ್ತು ನಮಸ್ಕಾರ ಬೇಡ ಮಗಾ."

ವಿರತ್‌ಗೆ ಹೊರಗೆ ಹೋಗಿ ಎಂದೆ. ಹರಳು ಕಂಡಿರಬೇಕು, ಓಡಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ಬಾಟಲಿಯನ್ನು ಮರಳಿಗೆ ಇಳಿಸಿದೆವು. ಇಂಚು... ಇನ್ನೊಂದು ಇಂಚು...

ಬಾಟಲಿ ಬಿಟ್ಟ ಅವಳ ಕೈಗೆ ದಿನಾಂಕದ ಚೀಟಿ ಅಂಟಿಕೊಂಡು ಬಂತು, ಬೆವರಿಗೆ. ಬಿಡಿಸಿ ತಗೊಂಡೆ. ಒಂದಲ್ಲ. ಒಂದರ ಮೇಲೊಂದು ಐದು. ಪ್ರತಿ ವರ್ಷ ತಪಾಸಣೆಗೆ ಮುಂಚೆ ವಿರತ್ ಹೊಸ ದಿನಾಂಕ ಬರೆದು ಅಂಟಿಸಿದ್ದು.

ಐದರಲ್ಲಿ ಮೂರರ ಮೇಲೆ ನನ್ನ ಸಹಿ. ಮೂರು ವರ್ಷ ಚೀಟಿ ಮಾತ್ರ ನೋಡಿ ಮುಂದೆ ಹೋಗಿದ್ದೆ.

ಮಧ್ಯಾಹ್ನ ನನ್ನ ಹಳೆಯ ದಳದವರು ಬಂದು ಬಾಟಲಿಯನ್ನು ಬಯಲಿನಲ್ಲಿ ಸಿಡಿಸಿದರು. ಮೂರನೇ ಮಹಡಿಯ ಗಾಜು ಅದುರಿತು.

ವಿರತ್ ಕೋಣೆಗೆ ಕರೆದು ತಣ್ಣನೆಯ ಚಹಾ ಕೊಟ್ಟರು. ವರದಿ ಸಿದ್ಧವಿತ್ತು. ಪಿಂಪಾ ಅಪ್ಪಣೆಯಿಲ್ಲದೆ ರಾಸಾಯನಿಕಗಳ ಬೀರು ತೆಗೆದಳಂತೆ. ನಾನು ಸಹಿ ಹಾಕಿದರೆ ಚೀಟಿಗಳು ಕಸದ ಬುಟ್ಟಿಗೆ, ನನ್ನ ನೌಕರಿ ಭದ್ರ. ಅವಳನ್ನು ಕಾಲೇಜಿನಿಂದ ತೆಗೆಯುತ್ತಾರೆ, ಅಷ್ಟೇ.

ಪಿಂಪಾ ಬಾಗಿಲ ಬಳಿ ನಿಂತಿದ್ದಳು. ಗುರುವಿಗೆ ಕೈ ಮುಗಿದುಕೊಂಡು.

"ಮೂರು ಸಲ ಹಾಕಿದೀಯ ದೇಚ್. ನಾಲ್ಕನೇದಕ್ಕೇನು ಬಂತು ಮಡಿ?" ಪೆನ್ನು ಮುಂದೆ ಚಾಚಿದರು.

ಪೆನ್ನು ಮುಟ್ಟಲಿಲ್ಲ. ಕೈಯನ್ನು ಜೇಬಿನಲ್ಲಿಟ್ಟುಕೊಂಡೆ, ಐದು ಚೀಟಿಗಳ ಜೊತೆಗೆ.

"ಹಾಕಲ್ಲ ಆಜಾನ್. ಈ ಸಲ ಬಾಟಲಿ ನೋಡಿದೀನಿ."