ಮೂವತ್ತಾರಕ್ಕೂ ನಲವತ್ತೊಂದಕ್ಕೂ ನಡುವೆ

"ಸಾಮಾನು ತೊಳೆಯೋರು ನೋಡಬಾರದು ಅಂತ ಎಲ್ಲಿ ಬರೆದಿದೆ? ಬನ್ನಿ, ಕೂತ್ಕೊಳ್ಳಿ," ಎಂದು ಕುವಾತಾ ಸಾನ್ ಮೈಕ್ರೋಸ್ಕೋಪಿನ ಮುಂದಿನಿಂದ ಎದ್ದರು. ಕುರ್ಚಿಯಲ್ಲಿ ಅವರ ಮೈಬಿಸಿ ಇನ್ನೂ ಇತ್ತು. ನನ್ನ ಕೆನ್ನೆ ಕೆಂಪಾಯಿತು.

ಒಸಾಕಾದ ಆ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವುದು ನನ್ನ ಕೆಲಸ. ಕೋಳಿಗಳಿಗೆ ಕ್ಯಾನ್ಸರ್ ಗಡ್ಡೆ ತರುವ ವೈರಸ್ಸಿನ ಮೇಲೆ ಸಂಶೋಧನೆ ಮಾಡುವುದು ಅವರ ಕೆಲಸ. ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದೆವು.

ಕೋಳಿಭ್ರೂಣದ ಜೀವಕೋಶಗಳು ಚಾಪೆ ಹೆಣೆದ ಹಾಗೆ ಒಂದರ ಪಕ್ಕ ಒಂದು ಚಪ್ಪಟೆಯಾಗಿ ಮಲಗಿದ್ದವು.

"ವೈರಸ್ ಎಲ್ಲಿ?"

"ಒಳಗೇ ಇದೆ. ಇದು ಕುಂಟು ವೈರಸ್ಸು. ನಲವತ್ತೊಂದು ಡಿಗ್ರಿಯಲ್ಲಿ ಇದರ ಆಟ ನಡೆಯಲ್ಲ. ಈಗ ಮೂವತ್ತಾರಕ್ಕೆ ಇಳಿಸ್ತೀನಿ. ಊಟ ಮಾಡ್ಕೊಂಡು ಬಂದು ನೋಡಿ."

"ಓ, ನಿಮ್ಮ ಥರಾನೇ! ಮೇಷ್ಟ್ರು ಇದ್ರೆ ಸಾಧು, ಆ ಕಡೆ ಹೋದ್ರೆ ರೇಡಿಯೋ ಹಾಕ್ಕೊಂಡು ಕುಣಿತ."

"ಓರಿಯೆ ಸಾನ್, ನಾನು ಕುಣಿಯೋದನ್ನ ಎಲ್ಲಿ ನಿಂತು ನೋಡ್ತೀರಿ?"

ಊಟದ ಡಬ್ಬಿ ಎತ್ತಿಕೊಂಡು ಓಡಿದೆ.

ಮಧ್ಯಾಹ್ನ ನೋಡಿದಾಗ ಚಾಪೆ ಇರಲಿಲ್ಲ. ಕೋಶಗಳು ಉಂಡೆಯಾಗಿ, ಮಿನುಗುತ್ತ, ಒಂದರ ಮೇಲೊಂದು ಹತ್ತಿ ಕೂತಿದ್ದವು. ತಟ್ಟನೆ ಹಿಂದೆ ಸರಿದೆ.

"ತಿರುಗಿ ಬಿಸಿ ಮಾಡಿದ್ರೆ?"

"ಮಲಗ್ತಾವೆ. ಆದ್ರೆ ವೈರಸ್ ಹೋಗಲ್ಲ. ತಣ್ಣಗಾಗೋದನ್ನ ಕಾಯ್ತಾ ಇರುತ್ತೆ."

ಆಗೆಲ್ಲ ದ್ರವವನ್ನು ಪಿಪೆಟ್ಟು ಎಂಬ ಸಣ್ಣ ಗಾಜಿನ ಕೊಳವೆಯಲ್ಲಿ ಬಾಯಿಂದಲೇ ಎಳೆದು ಅಳೆಯುತ್ತಿದ್ದರು. ಅದು ಬಾಯಿಗೆ ಬಾರದಂತೆ ಪ್ರತಿ ಪಿಪೆಟ್ಟಿನ ಮೇಲ್ತುದಿಗೂ ಹತ್ತಿ ತುರುಕುವುದು ನನಗೆ ಸೇರಿದ್ದು.

ಅಕ್ಟೋಬರಿನ ಒಂದು ಬೆಳಿಗ್ಗೆ, ನಾನು ಬಾಗಿಲಲ್ಲಿ ನಿಂತಿದ್ದಾಗ, ಕುವಾತಾ ಸಾನ್ ವೈರಸ್ ದ್ರವದಲ್ಲಿ ಅದ್ದಿದ ಪಿಪೆಟ್ಟನ್ನು ತುಟಿಗಿಟ್ಟು ನನ್ನತ್ತ ನೋಡಿದರು. ಒಂದು ಗಳಿಗೆ ತಡೆದರು. ಮತ್ತೆ ಕಣ್ಣಲ್ಲೇ ನಗುತ್ತ ಎಳೆದರು. ಮರುಕ್ಷಣ ಸಿಂಕಿಗೆ ಬಗ್ಗಿ ಉಗುಳಿದರು. ಉಗುಳುತ್ತಲೇ ಇದ್ದರು.

"ಏನಾಯ್ತು?" ಮೇಷ್ಟ್ರು ಒಳಗಿನಿಂದ ಕೇಳಿದರು.

"ಜೋರಾಗಿ ಎಳೆದ್ಬಿಟ್ಟೆ. ನನ್ನದೇ ತಪ್ಪು."

"ಕೋಳಿ ವೈರಸ್ಸು, ಮನುಷ್ಯರಿಗೆ ಏನೂ ಮಾಡಲ್ಲ," ಎಂದರು ಮೇಷ್ಟ್ರು. ಆದರೆ ಕುವಾತಾ ಸಾನ್ ಅವರ ಮುಖ ನೋಡಿ ಹೇಳಲಿಲ್ಲ.

ಆ ಪಿಪೆಟ್ಟು ತೊಳೆಯಲು ನನ್ನ ಕೈಗೆ ಬಂತು. ತುದಿಯಲ್ಲಿ ಹತ್ತಿ ಇರಲಿಲ್ಲ. ಯಾರನ್ನು ನೆನೆಯುತ್ತ ಮರೆತಿದ್ದೆನೆಂದು ಹೇಳಬೇಕೆ?

ಅಂದಿನಿಂದ ಕುವಾತಾ ಸಾನ್ ನನ್ನ ಊಟದ ಡಬ್ಬಿಯ ಮೊಟ್ಟೆಸುರುಳಿ ಕದಿಯುವುದನ್ನು ಬಿಟ್ಟರು. ಟ್ರಾಮಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬರುತ್ತಿದ್ದರು. ಆರು ವಾರ ಕಳೆದವು. ಅವರ ಬೆರಳುಗಳು ಮತ್ತೆ ಮತ್ತೆ ಎಡದವಡೆಯ ಕೆಳಗೆ ಹೋಗುವುದನ್ನು ನೋಡಿದೆ.

ಕೆಲಸ ಮುಗಿದ ಮೇಲೆ ಅಂಗಳದ ಗಿಂಕೊ ಮರದ ಕೆಳಗೆ ದಾರಿಗೆ ಅಡ್ಡ ನಿಂತೆ.

"ಅದೇನು ಗಂಟು?"

"ಹಲ್ಲುನೋವಿಗೆ ಬಂದಿರಬೇಕು."

"ಹಲ್ಲು ನೋಯ್ತಿದೆಯಾ?"

"ಇಲ್ಲ." ಅವರು ನಗಲು ನೋಡಿದರು. "ಮನುಷ್ಯನ ಮೈ ಮೂವತ್ತೇಳು ಡಿಗ್ರಿ. ನಲವತ್ತೊಂದು ದೂರ. ಮೂವತ್ತಾರು ಪಕ್ಕದಲ್ಲೇ ಇದೆ."

ನಾನು ಒಂದು ಹೆಜ್ಜೆ ಹತ್ತಿರ ಹೋದೆ. "ಆ ಪಿಪೆಟ್ಟಿಗೆ ನಾನು ಹತ್ತಿ ಇಟ್ಟಿರಲಿಲ್ಲ. ನಿಮ್ಮನ್ನೇ ನೆನೀತಾ ಮರೆತುಬಿಟ್ಟೆ. ಬೈಯಿರಿ ನನ್ನನ್ನ."

"ಗೊತ್ತು. ತುಟಿಗೆ ಇಟ್ಟಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಎಳೆದ್ರಿ?"

"ಮೇಷ್ಟ್ರು ಒಳಗಿದ್ರು. ನೀವು ಬಾಗಿಲಲ್ಲಿದ್ರಿ. ಅದನ್ನ ಪಕ್ಕಕ್ಕಿಟ್ಟು ಇನ್ನೊಂದು ತಗೊಂಡಿದ್ರೆ, ಯಾಕೆ ಅಂತ ಕೇಳೋರು. ನಿಮ್ಮ ಮುಖ ಬಾಡ್ತಿತ್ತು. ಹುಷಾರಾಗಿ ಎಳೆಯೋಣ ಅಂದ್ಕೊಂಡೆ. ಆದ್ರೆ ಕಣ್ಣು ಅಳತೆಗೆರೆ ಮೇಲೆ ಇರಲಿಲ್ಲ, ನಿಮ್ಮ ಮೇಲಿತ್ತು."

"ಹುಚ್ಚರಾ ನೀವು? ನಾನು ಬೈಸ್ಕೊಂಡ್ರೆ ಸಾಯ್ತಿದ್ನಾ?"

ಆ ಮಾತು ಆಡಬಾರದಿತ್ತು. ಅವರ ಬೆರಳು ಮತ್ತೆ ದವಡೆಯ ಕೆಳಗೆ ಹೋಯಿತು.

"ನಾಳೆ ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೀತಾರೆ," ಎಂದರು. "ಎರಡು ವಾರ ಕಾಯಿರಿ. ಏನೂ ಇಲ್ಲ ಅಂದ್ರೆ, ನಾನೇ ನಿಮ್ಮ ತಾಯಿ ಹತ್ರ ಬಂದು ಕೇಳ್ತೀನಿ."

"ಏನಾದ್ರೂ ಇದೆ ಅಂದ್ರೆ?"

ಅವರು ನನ್ನನ್ನು ದಾಟಿ ಹೋಗಲು ನೋಡಿದರು.

"ಹಾಗಾದ್ರೆ ಅಮ್ಮನ ಮಾತು ಆಮೇಲೆ. ನನ್ನನ್ನ ಈಗಲೇ ಕೇಳಿ."

"ಮುಟ್ಟಬೇಡಿ, ಓರಿಯೆ ಸಾನ್..."

ಆಗಲೇ ಮುಟ್ಟಿದ್ದೆ. ಬಟಾಣಿಯಷ್ಟು ಗಟ್ಟಿ ಗಂಟು. ಅವರು ಕಣ್ಣು ಮುಚ್ಚಿ, ನನ್ನನ್ನು ಮದುವೆಯಾಗ್ತೀರಾ ಎಂದು ಕೇಳಿದರು. ಒಂದೊಂದು ಮಾತಿಗೂ ಅದು ನನ್ನ ಬೆರಳಿನಡಿ ಅಲುಗಿತು. ಬೆರಳು ತೆಗೆಯದೆ ಹೂಂ ಎಂದೆ.